ಅತ್ತೆ ಉಳಿಸಿದ ದನಿ

ಪರದೆಯ ಮೇಲೆ ಎರಡು ಬಿಳಿ ಪಟ್ಟಿಗಳು ಕೂಡುತ್ತಿದ್ದವು, ಬಿಡುತ್ತಿದ್ದವು. ಒಂದೊಂದರ ಅಂಚಿನಲ್ಲೂ ಅಕ್ಕಿನುಚ್ಚಿನಷ್ಟು ಗಂಟು, ಎದುರುಬದುರಾಗಿ. ಅವು ನನ್ನ ಸೋದರತ್ತೆಯ ಧ್ವನಿತಂತುಗಳು.

ಚೆನ್ನೈನ ಪುರಸೈವಾಕ್ಕಂನಲ್ಲಿರುವ ಅತ್ತೆಯ ಮನೆಯಲ್ಲಿದ್ದುಕೊಂಡೇ ನಾನು ಓದಿ ಕೆಲಸಕ್ಕೆ ಸೇರಿದ್ದು. ದೀಪಾವಳಿಯಿಂದ ಅವರ ದನಿ ಒಡೆದಿತ್ತು. ಪನಂಕಲ್ಕಂಡು ಎಂಬ ತಾಳೆಯ ಕಲ್ಲುಸಕ್ಕರೆ ಹಾಕಿದ ಮೆಣಸಿನ ಹಾಲು ಎಷ್ಟು ಕುಡಿದರೂ ಸರಿಹೋಗಲಿಲ್ಲ. ಸಂಕ್ರಾಂತಿ ಕಳೆದ ಮೇಲೆ, ತೈ ತಿಂಗಳಲ್ಲಿ, ಅವರ ಮಗಳ ಮದುವೆ. ಈ ಊರಿನ ನಮ್ಮ ಬಳಗದಲ್ಲಿ ಹಸೆಗೆ ಕರೆಯುವ ಹಾಡು ಬರುವುದು ಈಗ ಅತ್ತೆಗೆ ಮಾತ್ರ. ಯಾರ್ಯಾರದೋ ಮಕ್ಕಳನ್ನು ಹಾಡಿ ಕರೆದವರು, ತಮ್ಮ ಮಗಳ ಸರದಿಗೆ ದನಿಯೇ ಇರುವುದಿಲ್ಲವೇನೋ ಎಂದು ಹೆದರಿದ್ದರು. ಅದನ್ನು ಉಳಿಸಲೆಂದು ನಮ್ಮೆಲ್ಲರ ಜೊತೆ ಬರೀ ಪಿಸುಮಾತು.

"ಕೆಟ್ಟ ಗಂಟಲ್ಲ, ಹೆದರಬೇಡಿ," ಎಂದು ಪರದೆ ತೋರಿಸುತ್ತಾ ವೈದ್ಯೆ ತಮಿಳಿನಲ್ಲಿ ಹೇಳಿದರು. "ಕೂಗಿ ಕೂಗಿ ಆಗಿರೋದು. ಪಿಸುಗುಟ್ಟಿದರೂ ಗಂಟಲಿಗೆ ಕಷ್ಟವೇ. ಮನೆಯಲ್ಲಿ ಯಾರಿಗಾದರೂ ಕಿವಿ ಮಂದವಾ?"

ಅತ್ತೆ ನನ್ನ ಮುಖ ನೋಡಿದರು. ಉಳಿಸಿದ ದನಿಯೆಲ್ಲ ಮಾವನಿಗೇ ಖರ್ಚಾಗುತ್ತಿತ್ತು. ರೈಲ್ವೆ ವರ್ಕ್‌ಶಾಪಿನ ಸದ್ದಿನಲ್ಲಿ ಅವರ ಕಿವಿ ಹೋಗಿ ವರ್ಷಗಳಾಗಿದ್ದವು. ಕಿವಿಗೆ ಮಷೀನು ಮಾತ್ರ ಬೇಡವೆಂಬ ಹಠ.

ಮಾತು ಕಡಿಮೆ, ಕೂಗು ಪೂರ್ತಿ ಬಂದ್, ನೀರು ಜಾಸ್ತಿ, ಜೊತೆಗೆ ಥೆರಪಿಸ್ಟ್ ಹೇಳಿಕೊಡುವ ದನಿಯ ಅಭ್ಯಾಸ. ಇಷ್ಟು ಮಾಡಿದರೆ ಮದುವೆಗೆ ಹಾಡಲೂಬಹುದು ಎಂದರು ವೈದ್ಯೆ.

ಮನೆಗೆ ಬಂದಾಗ ಮಾವ ಬಾಲ್ಕನಿಯಲ್ಲಿದ್ದರು. "ಡಾಕ್ಟ್ರು ಏನಂದ್ರಮ್ಮಾ?"

ಅತ್ತೆ ಅಭ್ಯಾಸಬಲದಿಂದ ಉಸಿರೆಳೆದುಕೊಂಡರು. ನಾನು ಕೈ ಅಡ್ಡ ಹಿಡಿದೆ. ದನಿ ಎತ್ತುವುದು ನನಗೆ ಒಗ್ಗದ ಕೆಲಸ; ಆದರೂ ಕೂಗಿದೆ.

"ನಿಮಗೆ ಕೇಳಿಸ್ಲಿ ಅಂತ ಕೂಗಿ ಕೂಗಿ ಅತ್ತೆ ಗಂಟಲಲ್ಲಿ ಗಂಟಾಗಿದೆ, ಮಾವ."

ಕೆಳಗಿನ ಮನೆಯವರು ಬಟ್ಟೆ ಒಣಹಾಕುವುದನ್ನು ಬಿಟ್ಟು ತಲೆಯೆತ್ತಿ ನೋಡಿದರು.

ಮಾವ ಅತ್ತೆಯ ಕಡೆ ತಿರುಗಿದರು. "ಇವಳಿಗೆ ನನ್ನ ಮೇಲೆ ಕೋಪ, ಅದಕ್ಕೇ ಕಿರುಚ್ತಾಳೆ ಅಂದ್ಕೊಂಡಿದ್ದೆ."

"ಕೋಪಾನೂ ಇತ್ತು," ಎಂದು ಅತ್ತೆ ಪಿಸುಗುಟ್ಟಿದರು. ನಾನು ದುರುಗುಟ್ಟಿ ನೋಡಿದ್ದಕ್ಕೆ ಸದ್ದಿಲ್ಲದೆ ನಕ್ಕರು.

"ಏನಂತಾಳೆ?"

"ಏನಿಲ್ವಂತೆ."

"ಅವಳು ಏನಿಲ್ಲ ಅನ್ನೋಳಲ್ಲ," ಎಂದರು ಮಾವ. ಆಮೇಲೆ, ಬೀದಿಯ ಕಡೆ ನೋಡುತ್ತಾ, "ಮದುವೆ ಫೋಟೋದಲ್ಲಿ ಮಷೀನ್ ಕಂಡ್ರೆ ಕಾಣ್ಲಿ, ಪರವಾಗಿಲ್ಲ. ಹಾಡಿದ್ರೆ ನಂಗೂ ಕೇಳಿಸ್ಬೇಕಲ್ಲ."

ಮರುದಿನ ಬೆಳಿಗ್ಗೆ ನಾನು ಆಫೀಸಿಗೆ ರಜೆ ಹಾಕಿ, ಆಟೋ ಹಿಡಿದು ಮಾವನನ್ನು ಕಿವಿ ಪರೀಕ್ಷೆಗೆ ಕರೆದುಕೊಂಡು ಹೋದೆ. ಹೊರಡುವಾಗ ಅತ್ತೆ ಮಾತಿಲ್ಲದೆ ನನ್ನ ಭುಜ ತಟ್ಟಿ, ಮೊದಲು ಆಕಾಶ, ಆಮೇಲೆ ಮೂಲೆಯ ಛತ್ರಿ ತೋರಿಸಿದರು. ತೆಗೆದುಕೊಂಡೆ.