ನನ್ನ ಪಾಲಿನ ಅರ್ಧ ಜಪ

ಅಕ್ಟೋಬರ್ ತಿಂಗಳಲ್ಲಿ ನಮ್ಮ ಚರ್ಚಿನ ವಾರ್ಡಿನಲ್ಲಿ ಮಾತೆ ಮರಿಯಳ ಮೂರ್ತಿ ಮನೆಯಿಂದ ಮನೆಗೆ ಹೋಗುತ್ತದೆ. ಮೂರ್ತಿ ಬಂದ ಸಂಜೆ ವಾರ್ಡಿನವರೆಲ್ಲ ಆ ಮನೆಯಲ್ಲಿ ಸೇರಿ ಜಪಮಾಲೆ ಹೇಳುವುದು, ಆಮೇಲೆ ಶರಬತ್ತು ಕುಡಿಯುವುದು ರೂಢಿ. ಹೆಂಡತಿ ತೀರಿಹೋದ ವರ್ಷವೂ ಅದು ಮಂಗಳೂರಿನ ಬಿಜೈಯಲ್ಲಿರುವ ನಮ್ಮ ಫ್ಲ್ಯಾಟಿಗೆ ಬಂತು. ಈ ಸಲ ಬೇಡ ಎಂದು ನಾನು ಹೇಳಬಹುದಿತ್ತು, ಯಾರೂ ತಪ್ಪು ತಿಳಿಯುತ್ತಿರಲಿಲ್ಲ. ಆದರೆ ಮನೆಯೊಳಗೆ ನಾಲ್ಕು ಜನರ ಮಾತು ಕೇಳದೆ ತಿಂಗಳುಗಳಾಗಿದ್ದವು. ಬರಲಿ ಎಂದೆ.

ನಮ್ಮ ವಾರ್ಡಿನ ಮುಖ್ಯಸ್ಥನನ್ನು ಗುರ್ಕಾರ ಅನ್ನುತ್ತೇವೆ. ಎಲ್ಲರೂ ಕೂತ ಮೇಲೆ ಆತ, "ಮನೆಯ ಯಜಮಾನರೇ ಶುರು ಮಾಡ್ಲಿ" ಅಂದ. ನಾನು ಕೈ ಜೋಡಿಸಿ, ಗಂಟಲು ಸರಿ ಮಾಡಿಕೊಂಡು, ದೊಡ್ಡ ಸ್ವರದಲ್ಲಿ "ಸಾಂತ್ ಮರಿಯೆ" ಎಂದು ಶುರು ಮಾಡಿದೆ.

ಕಥೋಲಿಕರಲ್ಲದವರಿಗೆ ಇದರಲ್ಲಿ ಎಂತ ತಪ್ಪೆಂದು ಗೊತ್ತಾಗಲಿಕ್ಕಿಲ್ಲ. ಜಪಮಾಲೆಯ ಒಂದೊಂದು ಮಣಿಗೂ ಒಂದು ಸಣ್ಣ ಪ್ರಾರ್ಥನೆ, ಅದಕ್ಕೆ ಎರಡು ಅರ್ಧ. "ನಮಾನ್ ಮರಿಯೆ" ಎಂದು ಶುರುವಾಗುವ ಮೊದಲರ್ಧವನ್ನು ಮುಂದೆ ಕೂತವರು ಹೇಳಬೇಕು, ಅದು ನಮಸ್ಕಾರ. "ಸಾಂತ್ ಮರಿಯೆ" ಎಂಬ ಎರಡನೆಯ ಅರ್ಧವನ್ನು ಉಳಿದವರು ಒಟ್ಟಾಗಿ ಹೇಳಬೇಕು, ಅದು ಬೇಡಿಕೆ. ನಾನು ಉತ್ತರದಿಂದಲೇ ಶುರು ಮಾಡಿದ್ದೆ. ಅವರ ಪಾಲಿನದನ್ನು ನಾನೇ ಹೇಳಿ ಮುಗಿಸಿದ ಮೇಲೆ ಅವರಾದರೂ ಎಂತ ಹೇಳುವುದು? ಮನೆ ಗಪ್‌ಚುಪ್. ಹಿಂದೆ ಯಾರೋ ಕಿಸಕ್ಕನೆ ನಕ್ಕು ಕೆಮ್ಮಿದ ಹಾಗೆ ಮಾಡಿದರು.

"ಪರವಾಗಿಲ್ಲ ಮಾರಾಯ್ರೆ, ಪುನಃ ಶುರು ಮಾಡಿ" ಅಂದ ಗುರ್ಕಾರ. ಮಾಡಿದೆ. "ನಮಾನ್ ಮರಿಯೆ" ಬಂತು, ಅದರ ಹಿಂದೆ ಇನ್ನೆರಡು ಮಾತೂ ಬಂತು. ಅಲ್ಲಿಂದ ನಾಲಿಗೆ ತಾನಾಗಿಯೇ ಎರಡನೆಯ ಅರ್ಧಕ್ಕೆ ಜಾರಿತು, ಹಂಪನಕಟ್ಟೆಯಲ್ಲಿ ಅವಸರಕ್ಕೆ ಬೇರೆ ಬಸ್ಸು ಹತ್ತಿದವನ ಹಾಗೆ. ಕೊನೆಗೆ ಗುರ್ಕಾರನೇ ಮುಂದುವರಿಸಿದ, ನನಗೆ ಅವನ ಮೇಲೇ ಕೋಪ ಬಂತು. ನಾನು ಇಂಗು ತಿಂದ ಮಂಗನ ಹಾಗೆ ಕೂತು ನನ್ನ ಹಳೆಯ ಅರ್ಧವನ್ನೇ ಎಲ್ಲರ ಜೊತೆ ಹೇಳಿದೆ. ಅದು ಮಾತ್ರ ನೀರು ಕುಡಿದ ಹಾಗೆ ಬಂತು.

ಹುಟ್ಟು ಕಥೋಲಿಕನಿಗೆ ಇಷ್ಟೂ ಬರುವುದಿಲ್ಲವಾ ಎಂದು ನೀವು ಕೇಳಬಹುದು. ಬರುವುದಿಲ್ಲ. ಚಿಕ್ಕಂದಿನಲ್ಲಿ ಮನೆಯಲ್ಲಿ ಅಮ್ಮ ಮುಂದೆ, ನಾವು ಮಕ್ಕಳೆಲ್ಲ ಹಿಂದೆ. ಅರ್ಧ ನಿದ್ದೆಯಲ್ಲಿ ಉತ್ತರ ಕೊಟ್ಟರೆ ಸಾಕಿತ್ತು. ಮದುವೆಯಾದ ಮೇಲೆ ಹೆಂಡತಿ ಮುಂದೆ. ನಾನು ಕುವೈತಿನ ಗೋದಾಮಿನಲ್ಲಿ ಸ್ಟೋರ್ ಕೀಪರ್ ಆಗಿದ್ದವನು, ಪ್ರಾಯದ ಕಾಲವೆಲ್ಲ ಅಲ್ಲೇ ಕಳೆಯಿತು. ನಮಗೆ ಮಕ್ಕಳಾಗಲಿಲ್ಲ. ಇಲ್ಲಿ ಕತ್ತಲಾಗುವ ಹೊತ್ತಿಗೆ ಅಲ್ಲಿ ಇನ್ನೂ ಬಿಸಿಲು. ಅವಳು ಫೋನು ಮಾಡಿ ಜಪಮಾಲೆ ಹಿಡಿಯುತ್ತಿದ್ದಳು, ನಾನು ರಟ್ಟಿನ ಪೆಟ್ಟಿಗೆಗಳ ನಡುವೆ ಕಿವಿಗೆ ವಯರು ಸಿಕ್ಕಿಸಿಕೊಂಡು ಉತ್ತರ ಕೊಡುತ್ತಿದ್ದೆ. ಫೋನಿನಲ್ಲಿ ಸ್ವರ ಹೋಗಿ ಮುಟ್ಟಲು ಸ್ವಲ್ಪ ಹೊತ್ತು ಹಿಡಿಯುತ್ತಿತ್ತು. ನನ್ನ ಉತ್ತರ ತಡವಾದರೆ ಅವಳು ಪ್ರಾರ್ಥನೆಯ ನಡುವೆಯೇ "ಇದ್ದೀರಾ?" ಎಂದು ಕೇಳುತ್ತಿದ್ದಳು. "ಇದ್ದೇನೆ ಮಾರಾಯ್ತಿ, ಎಲ್ಲಿಗೆ ಹೋಗುವುದು?" ಎಂದು ರೇಗಿ, ಆಮೇಲೆ "ಸಾಂತ್ ಮರಿಯೆ" ಅನ್ನುತ್ತಿದ್ದೆ.

ಕೆಲಸ ಬಿಟ್ಟು ಊರಿಗೆ ಬಂದ ಮೇಲೆ ಅದೇ ಕ್ರಮ, ಫೋನು ಮಾತ್ರ ಇಲ್ಲ. ಅವಳು ಹೋದ ಮೇಲೆ ನಾನು ಜಪಮಾಲೆ ಮುಟ್ಟಲೇ ಇಲ್ಲ. ಭಕ್ತಿ ಇಲ್ಲದೆ ಅಲ್ಲ. ಉತ್ತರ ಕೊಡುವವನು ಒಬ್ಬನೇ ಕೂತು ಯಾರಿಗೆ ಉತ್ತರ ಕೊಡುವುದು? ಪಕ್ಕದ ಫ್ಲ್ಯಾಟಿನಲ್ಲಿ ತುಳು ಮಾತನಾಡುವ ಒಬ್ಬ ಹೆಂಗಸು ಇದ್ದಾರೆ. ಒಮ್ಮೆ ಮೆಟ್ಟಿಲಲ್ಲಿ ಸಿಕ್ಕಿ, "ಸಂಜೆ ನಿಮ್ಮ ಹೆಂಡತಿಯ ಜಪದ ಸ್ವರ ಕೇಳುವಾಗ ನಾನು ದೇವರಿಗೆ ದೀಪ ಇಡ್ತಿದ್ದೆ. ಈಗ ಗಡಿಯಾರ ನೋಡ್ಬೇಕಾಗ್ತದೆ" ಅಂದರು. ನಾನು ಹೂಂ ಎಂದು ಒಳಗೆ ಬಂದು ಬಾಗಿಲು ಹಾಕಿದೆ.

ಅವಳ ವರ್ಷದ ಪ್ರಾರ್ಥನೆ ಹತ್ತಿರ ಬರುತ್ತಿತ್ತು. ಆ ದಿನ ಇದೇ ಮನೆಯಲ್ಲಿ ಇದೇ ಜನ ಸೇರುವವರು. ಅವತ್ತು ಗುರ್ಕಾರ ಮುಂದೆ ಕೂರಬಾರದು, ನಾನೇ ಕೂರಬೇಕು ಎಂದು ಹಟ ಹಿಡಿಯಿತು. ಅವಳಿಗೆ ನಾನು ಮಾಡಲು ಉಳಿದಿದ್ದ ಕೆಲಸ ಅದೊಂದೇ. ಪುಸ್ತಕ ನೋಡಿ ಓದಬಹುದಿತ್ತು. ಓದಿಯೂ ನೋಡಿದೆ, ಬ್ಯಾಂಕಿನ ಅರ್ಜಿ ಓದಿದ ಹಾಗೆ ಕೇಳಿಸಿತು. ಹಾಗೆ ಓದಿ ಅವಳನ್ನು ಕಳಿಸಿಕೊಡಲು ಮನಸ್ಸಾಗಲಿಲ್ಲ.

ಚರ್ಚಿನಲ್ಲಿ ದೊಡ್ಡವರಿಗಾಗಿ ಧರ್ಮಶಿಕ್ಷಣದ ಕ್ಲಾಸು ಶುರುವಾಗಿತ್ತು, ಅಲ್ಲಿ ಕಲಿಯಬಹುದೆಂದು ಹೋಗಿ ಸೇರಿದೆ. ಆದಿತ್ಯವಾರ ಪೂಜೆಯ ನಂತರ, ಮಕ್ಕಳು ಕೂರುವ ಕೋಣೆಯಲ್ಲಿ, ಮಕ್ಕಳು ಕೂರುವ ಬೆಂಚಿನಲ್ಲೇ. ನನ್ನ ಮೊಣಕಾಲು ಗಲ್ಲಕ್ಕೆ ತಾಗುತ್ತಿತ್ತು. ನಡೆಸುವವರು ಹೊಸದಾಗಿ ಬಂದ ಸಹಾಯಕ ಫಾದರ್. ಮೀಸೆ ಸರಿಯಾಗಿ ಮೂಡದ ಪ್ರಾಯ, ಕೈಯಲ್ಲಿ ಲ್ಯಾಪ್‌ಟಾಪು. ಮಾತೆಲ್ಲ ಕೊಂಕಣಿಯಲ್ಲೇ, ನಾನಿಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ ಅಷ್ಟೆ.

ಮೊದಲ ದಿನವೇ ಫಾದರ್ ಕೇಳಿದರು, "ಅಮಲೋದ್ಭವ ಅಂದರೆ ಯಾರ ಗರ್ಭಧಾರಣೆಯ ಮಾತು?" ನಾವೆಲ್ಲ ಒಂದೇ ಸ್ವರದಲ್ಲಿ "ಯೇಸುವಿನದ್ದು" ಅಂದೆವು. ಅಲ್ಲವಂತೆ. ಮರಿಯಳು ತನ್ನ ತಾಯಿಯ ಹೊಟ್ಟೆಯಲ್ಲಿ ಪಾಪದ ಕಲೆ ಇಲ್ಲದೆ ಮೂಡಿದ್ದಂತೆ ಅದು. ನನಗೆ ಮೈಯೆಲ್ಲ ಉರಿಯಿತು. ಡಿಸೆಂಬರಿನಲ್ಲಿ ಬರುವ ಅಮಲೋದ್ಭವದ ಹಬ್ಬಕ್ಕೆ ಜೀವಮಾನವಿಡೀ ಪೂಜೆಗೆ ಹೋಗಿದ್ದೇನೆ, ಹೊಸ ಅಂಗಿ ಹಾಕಿದ್ದೇನೆ, ಯಾರ ಹಬ್ಬವೆಂದು ಮಾತ್ರ ಗೊತ್ತಿಲ್ಲ! ಮನೆಗೆ ಹೋಗಿ ಇದನ್ನು ಹೆಂಡತಿಗೆ ಹೇಳಬೇಕು, ಅವಳಿಗಾದರೂ ಗೊತ್ತಿತ್ತಾ ಕೇಳಬೇಕು ಎಂದುಕೊಂಡೇ ಅರ್ಧ ದಾರಿ ನಡೆದಿದ್ದೆ. ಆಮೇಲೆ ನೆನಪಾಯಿತು.

ಕೆಲವು ವಾರ ಕಳೆದ ಮೇಲೆ ನನ್ನ ತಾಳ್ಮೆ ತಪ್ಪಿತು. "ಫಾದರ್, ಇದೆಲ್ಲ ಒಳ್ಳೆಯದೇ. ನನಗೆ ನಮಾನ್ ಮರಿಯೆಯ ಮೊದಲರ್ಧ ಬಾಯಿಪಾಠ ಆಗ್ಬೇಕು. ಅದಕ್ಕೇ ಬಂದದ್ದು" ಎಂದೆ. ಫಾದರ್ ನಕ್ಕರು. "ಬಾಯಿಪಾಠವೇ ನಮ್ಮ ಜನರ ರೋಗ ಅಂಕಲ್. ಗಿಳಿಗಳ ಹಾಗೆ ಹೇಳ್ತೇವೆ, ಅರ್ಥ ಗೊತ್ತಿಲ್ಲ. ನಿಮಗೆ ಬರುವ ಅರ್ಧವನ್ನೇ ಒಮ್ಮೆ ಮೆಲ್ಲ ಹೇಳಿ ನೋಡುವ."

ಹೇಳಿದೆ. ಮೆಲ್ಲ ಹೇಳುವುದು ಕಷ್ಟವಾಯಿತು, ಓಡಿ ಅಭ್ಯಾಸ.

"ಯಾರಿಗೋಸ್ಕರ ಬೇಡಿಕೊಳ್ಳಲು ಮಾತೆಗೆ ಹೇಳಿದಿರಿ?"

"ಪಾಪಿಗಳಾದ ನಮಗೋಸ್ಕರ."

"ಯಾವಾಗ?"

"ಈಗ, ಮತ್ತೆ ನಮ್ಮ ಮರಣದ ಹೊತ್ತಿಗೆ."

"ನೋಡಿ, ನನಗೆ ಅಂತ ಇಲ್ಲ. ನಮಗೆ. ಒಬ್ಬರೇ ಕೂತು ಹೇಳಿದರೂ ನಮಗೆ ಅಂತಲೇ ಹೇಳ್ಬೇಕು. ಪ್ರಾರ್ಥನೆಯಲ್ಲಿ ಬೇರೆ ಮಾತೇ ಇಲ್ಲ."

ಅವರು ಹೇಳಿದ್ದು ಸರಿಯೇ. ನನಗೆ ಅದೇ ತಡೆಯಲಾಗಲಿಲ್ಲ. ಕಂಕನಾಡಿ ಮಾರ್ಕೆಟಿನಲ್ಲಿ ಬಂಗುಡೆ ತೆಗೆದುಕೊಳ್ಳುವಾಗ ಮೀನಿನವಳು ಕೂಡ "ಒಬ್ಬರಿಗಾ?" ಎಂದು ಕೇಳುತ್ತಾಳೆ. ಗ್ಯಾಸಿನವನು "ಇನ್ನೂ ಮುಗಿಯಲಿಲ್ವಾ?" ಅನ್ನುತ್ತಾನೆ. ಒಬ್ಬನ ಅಡುಗೆಗೆ ಎಷ್ಟು ಗ್ಯಾಸು ಬೇಕು? "ನಮ್ಮ ಮನೆಯಲ್ಲಿ ಈಗ ನಾವು ಇಲ್ಲ ಫಾದರ್" ಎಂದೆ. ಸ್ವರ ಜೋರಾಗಿತ್ತು. "ನಾನು ಮಾತ್ರ ಇರುವುದು. ಸುಳ್ಳು ಹೇಳಿ ಪ್ರಾರ್ಥನೆ ಮಾಡ್ಲಿಕ್ಕೆ ಆಗ್ತದಾ?"

ಫಾದರ್ ಮುಖ ಕೆಂಪಾಯಿತು. ಲ್ಯಾಪ್‌ಟಾಪು ಮುಚ್ಚಿ ಬಂದು ನನ್ನ ಪಕ್ಕ ಆ ಗಿಡ್ಡ ಬೆಂಚಿನಲ್ಲೇ ಕೂತರು. "ಬನ್ನಿ ಅಂಕಲ್, ಬಾಯಿಪಾಠವೇ ಮಾಡುವ" ಅಂದರು. ಒಂದೊಂದು ಮಾತು ಅವರು ಹೇಳುವುದು, ನಾನು ಹೇಳುವುದು. ಚಿಕ್ಕ ಹುಡುಗನಂತೆ ತಪ್ಪಿದೆ, ತಿದ್ದಿಸಿಕೊಂಡೆ. ಆ ದಿನದಿಂದ ನನಗೆ ಆ ಹುಡುಗ ಫಾದರ್ ಮೇಲೆ ಪ್ರೀತಿ ಹುಟ್ಟಿತು. ಬಾಯಲ್ಲಿ ಹೇಳಲಿಲ್ಲ ಬಿಡಿ.

ಮನೆಯಲ್ಲಿ ಕಲಿಯುವಾಗ ಒಂದು ವಿಚಿತ್ರ ಆಯಿತು. ಮಾತುಗಳನ್ನು ಫಾದರ್ ಕಲಿಸಿದ್ದರು, ಬಾಯಿಗೆ ಬಂದದ್ದು ಮಾತ್ರ ಹೆಂಡತಿಯ ರಾಗ. ಎಲ್ಲಿ ಉಸಿರು ತೆಗೆಯುತ್ತಿದ್ದಳೋ ಅಲ್ಲೇ ನನಗೂ ಉಸಿರು. ಕಿವಿ ಅವಳನ್ನು ಪೂರ್ತಿ ಕಲಿತಿತ್ತು, ನಾಲಿಗೆ ಮಾತ್ರ ಸೋಮಾರಿ.

ವರ್ಷದ ಪ್ರಾರ್ಥನೆಯ ಸಂಜೆ ಗುರ್ಕಾರ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಲಿಲ್ಲ. ಅವಳ ಫೋಟೋದ ಮುಂದೆ ಕೂತು "ನಮಾನ್ ಮರಿಯೆ" ಎಂದು ಶುರು ಮಾಡಿದೆ. ಮೊದಲರ್ಧ ಎಲ್ಲೂ ತಡೆಯದೆ ದಡ ಸೇರಿತು, ಹಿಂದಿನಿಂದ ಇಡೀ ಕೋಣೆ ಉತ್ತರ ಕೊಟ್ಟಿತು. ಬೆನ್ನಿನ ಮೇಲೆ ಯಾರೋ ಕೈ ಇಟ್ಟ ಹಾಗಾಯಿತು. ಕೊನೆಯ ಮಣಿಯವರೆಗೂ ನಾನೇ ಹೇಳಿದೆ. ಎಲ್ಲ ಮುಗಿದು ಶರಬತ್ತು ಕುಡಿಯುವಾಗ ಗುರ್ಕಾರ, "ನಿಮ್ಮ ಹೆಂಡತಿ ಹೇಳ್ತಿದ್ದ ಹಾಗೆಯೇ ಇತ್ತು ಮಾರಾಯ್ರೆ" ಅಂದ. ಈ ಸಲ ಅವನ ಮೇಲೆ ಕೋಪ ಬರಲಿಲ್ಲ.

ಅವರೆಲ್ಲ ಹೋದರು. ಗ್ಲಾಸುಗಳನ್ನು ತೊಳೆದಿಟ್ಟೆ. ನಾನು ಅಂದುಕೊಂಡ ಕೆಲಸ ಮುಗಿದಿತ್ತು, ಇನ್ನು ಸಮಾಧಾನವಾಗಬೇಕು. ಆಗಲಿಲ್ಲ.

ಮರುದಿನ ದೀಪ ಇಡುವ ಹೊತ್ತಿಗೆ ಕೈ ತಾನಾಗಿಯೇ ಜಪಮಾಲೆಗೆ ಹೋಯಿತು. ಒಬ್ಬನೇ ಕೂತೆ. ಪಕ್ಕದ ಮನೆಗೆ ಕೇಳುವಷ್ಟು ಗಟ್ಟಿಯಾಗಿ ಮೊದಲರ್ಧ ಹೇಳಿ ನಿಲ್ಲಿಸಿದೆ. ಯಾಕೆ ನಿಲ್ಲಿಸಿದೆನೆಂದು ನನಗೇ ತಿಳಿಯಲಿಲ್ಲ. ಆಮೇಲೆ ಹೊಳೆಯಿತು, ನಾನು ಕಾಯುತ್ತಿದ್ದೆ. ಅಷ್ಟು ವರ್ಷ ಪ್ರತಿ ಮಣಿಗೂ ಅವಳು ಇಲ್ಲಿ, ಇದೇ ಮನೆಯಲ್ಲಿ, ಒಬ್ಬಳೇ ಕೂತು ಹೀಗೆ ನನ್ನ ಸ್ವರಕ್ಕೆ ಕಾಯುತ್ತಿದ್ದಳು. ನಾನು ಉತ್ತರ ಕೊಡುವ ಕಡೆಯವನು, ಆ ನಡುವಿನ ಹೊತ್ತು ಎಷ್ಟು ಉದ್ದವೆಂದು ನನಗೆ ಗೊತ್ತೇ ಇರಲಿಲ್ಲ.

"ಇದ್ದೀಯಾ?" ಎಂದು ಕೇಳಿದೆ.

ಸ್ವಲ್ಪ ಹೊತ್ತು ಬಿಟ್ಟು ಉಳಿದ ಅರ್ಧವನ್ನೂ ನಾನೇ ಹೇಳಿದೆ. ನಮಗೋಸ್ಕರ ಎಂದೇ ಹೇಳಿದೆ.