ದಪ್ಪ ತಂತಿಯ ಪಂಚಮ

ಮದುವೆಯ ಆರ್ಕೆಸ್ಟ್ರಾದಲ್ಲಿ ಬೇಸ್ ಗಿಟಾರ್ ನುಡಿಸುವವನ ಕಡೆ ಯಾರೂ ನೋಡುವುದಿಲ್ಲ. ಗೋಕಾಕಿನ ನಮ್ಮ ತಂಡದಲ್ಲಿ ಹಾಡುಗಾರನಿಗೆ ಶಾಲು, ಕೀಬೋರ್ಡಿನವನಿಗೆ ಚಪ್ಪಾಳೆ, ನನಗೆ ಊಟ. ಇದರಿಂದ ನನಗೇನೂ ಬೇಸರವಿಲ್ಲ. ಸಾರಿನಲ್ಲಿ ಉಪ್ಪಿದ್ದರೆ ಯಾರೂ ಹೊಗಳುವುದಿಲ್ಲ, ಇಲ್ಲದಾಗ ಮಾತ್ರ ಪಂಕ್ತಿಗೆ ಪಂಕ್ತಿಯೇ ತಲೆ ಎತ್ತುತ್ತದೆ. ನನ್ನದು ಐದು ತಂತಿಯ ಗಿಟಾರ್. ಸಾಮಾನ್ಯವಾಗಿ ಬೇಸ್‌ಗೆ ಇರುವುದು ನಾಲ್ಕೇ ತಂತಿ. ಐದನೆಯದು ಎಲ್ಲಕ್ಕಿಂತ ದಪ್ಪ, ಎಲ್ಲಕ್ಕಿಂತ ಕೆಳಸ್ವರ, ಎಲ್ಲಕ್ಕಿಂತ ಹಟಮಾರಿ.

ಕಳೆದ ವರ್ಷ ನಮಗೆ ಭಕ್ತಿಗೀತೆಗಳ ಕಾರ್ಯಕ್ರಮಗಳೂ ಸಿಗತೊಡಗಿದವು. ಆಗ ನನ್ನ ತಂತಿಗಳ ಬಣ್ಣ ಬಯಲಾಯಿತು. ಅವು ದುಂಡು ಎಳೆ ಸುತ್ತಿದ ಉಕ್ಕಿನ ತಂತಿಗಳು, ಮೈಯೆಲ್ಲ ಗೀರು ಗೀರು. ಕುಣಿತದ ಹಾಡಿಗೆ ಹೇಳಿ ಮಾಡಿಸಿದಂಥವು. ದೇವರ ಹಾಡಿನ ನಡುವೆ ಬೆರಳು ಸರಿಸಿದರೆ ಮಾತ್ರ ತಗಡು ಎಳೆದಂತೆ ಚರ್ರೆನ್ನುತ್ತಿದ್ದವು. ಚಪ್ಪಟೆ ಪಟ್ಟಿ ಸುತ್ತಿದ ಇನ್ನೊಂದು ಜಾತಿ ಇದೆ. ಕೈಗೆ ನುಣುಪು, ದನಿಯಲ್ಲಿ ಮಿಂಚಿಲ್ಲ, ತೂಕವಿದೆ. ತಂಡದವರು ಅದು ಮಂಕು ಎಂದರು. ಮಂಕಾದರೂ ಪರವಾಗಿಲ್ಲ, ಹಾಡಿನ ನಡುವೆ ಬಾಯಿ ಹಾಕದಿದ್ದರೆ ಸಾಕು ಎಂದು ನಾನು ಬೆಳಗಾವಿಯಿಂದ ಬಸ್ಸಿನ ಪಾರ್ಸೆಲಿನಲ್ಲಿ ಅವನ್ನೇ ತರಿಸಿದೆ.

ತಂತಿ ಬದಲಿಸುವುದಕ್ಕೆ ನಿಶ್ಶಬ್ದ ಬೇಕು. ಗೋಕಾಕಿನ ನನ್ನ ಕೋಣೆ ಹಿಟ್ಟಿನ ಗಿರಣಿಯ ಮೇಲಿದೆ. ಹಾಗಾಗಿ ಗಿಟಾರನ್ನು ಘೋಡಗೇರಿಗೆ, ಅಣ್ಣನ ಮನೆಗೆ ಒಯ್ದೆ.

ಆ ಮನೆಯ ನಿಶ್ಶಬ್ದ ನನಗೆ ಇಷ್ಟವಿರಲಿಲ್ಲ ಎಂಬುದನ್ನೂ ಹೇಳಬೇಕು. ಅಣ್ಣನ ಹೆಂಡತಿ, ನಮ್ಮ ವೈನಿ, ಊರಿನ ಹೆಣ್ಣುಮಕ್ಕಳ ಭಜನಾ ಮಂಡಳಿಯ ಮುಂದಾಳು. ಸೋಮವಾರ ಮಠದಲ್ಲಿ ಅವರು ವಚನ ಎತ್ತಿಕೊಂಡರೆ ಓಣಿಯ ಕೊನೆಯ ಮನೆಯವರೂ ಟಿವಿಯ ಸದ್ದು ಇಳಿಸುತ್ತಿದ್ದರು. ಅವರ ಶ್ರುತಿ ಪೇಟಿಯ ಕಪ್ಪು ನಾಲ್ಕು, ಅಂದರೆ ಹಾರ್ಮೋನಿಯಂನ ನಾಲ್ಕನೆಯ ಕಪ್ಪು ಮನೆ. ಗಂಟಲ ಗಂಟಿಗೆ ಶಸ್ತ್ರಚಿಕಿತ್ಸೆಯಾದ ಮೇಲೆ ದನಿ ಮರಳಿ ಬಂತು, ಆದರೆ ಕೆಳಗಿಳಿದು, ಭಾರವಾಗಿ ಬಂತು. ಕಪ್ಪು ನಾಲ್ಕಕ್ಕೆ ಅದು ಏರಲಿಲ್ಲ. ಒಂದು ಸೋಮವಾರ ಮೇಲಿನ ಸ್ವರದಲ್ಲಿ ದನಿ ಒಡೆಯಿತು. ಮರುವಾರದಿಂದ ಅವರು ತಾಳ ಹಿಡಿದು ಕುಳಿತರು, ಹಾಡಲಿಲ್ಲ. ಮನೆಯಲ್ಲಿ ಗುನುಗುವುದನ್ನೂ ಬಿಟ್ಟರು.

ಶ್ರುತಿ ಇಳಿಸಿಕೊಂಡಿದ್ದರೆ ಮುಗಿಯುತ್ತಿತ್ತು ಎಂದು ನಿಮಗನಿಸಬಹುದು. ನಮ್ಮ ಕಡೆ ಮುಂದಾಳು ಹೇಳಿದ್ದೇ ಶ್ರುತಿ. ಇಳಿಸಿ ಎನ್ನುವುದು ಅವರ ಮಾನ ಇಳಿಸಿದ ಹಾಗೆ. ಪೇಟಿ ನುಡಿಸುವ ಪಕ್ಕದ ಮನೆಯ ಅಕ್ಕ ಅದೇ ಗೌರವದಿಂದ ಪ್ರತಿ ವಾರ ಕಪ್ಪು ನಾಲ್ಕನ್ನೇ ಒತ್ತುತ್ತಿದ್ದರು. ಮೊದಲ ಸಾಲು ವೈನಿಯದೆಂದು ಅದನ್ನು ಯಾರೂ ಹಾಡದೆ, ಪೇಟಿಯಲ್ಲಷ್ಟೇ ನುಡಿಸಿ, ಎಲ್ಲರೂ ಎರಡನೆಯ ಸಾಲಿನಿಂದ ಎತ್ತಿಕೊಳ್ಳುತ್ತಿದ್ದರು. ಗೌರವ ಕೊಟ್ಟು ಕೊಟ್ಟೇ ಅವರನ್ನು ಹೊರಗೆ ಕೂರಿಸಿದ್ದರು. ನೆನೆದರೆ ನನಗೆ ಸಿಟ್ಟು ಬರುತ್ತಿತ್ತು, ಆದರೆ ಹೇಳುವ ಧೈರ್ಯ ನನಗೂ ಇರಲಿಲ್ಲ.

ಪಡಸಾಲೆಯಲ್ಲಿ ಹೊಸ ತಂತಿ ಏರಿಸಿದೆ. ದಪ್ಪ ತಂತಿ ಕತ್ತಿನ ತುದಿಯ ಕಚ್ಚಿನಲ್ಲಿ ಕೂರಲಿಲ್ಲ. ಹುಕ್ಕೇರಿಯ ಅಕ್ಕಸಾಲಿಗರೊಬ್ಬರಿಂದ ಸಣ್ಣ ಅರ ತಂದು ಉಜ್ಜಿ ಅಗಲಿಸಿದೆ. ಹೊಸ ತಂತಿಗಳ ಬಿಗಿಗೆ ಗಿಟಾರಿನ ಕತ್ತು ಮುಂದಕ್ಕೆ ಬಾಗಿತು. ಕತ್ತಿನೊಳಗೆ ಒಂದು ಕಬ್ಬಿಣದ ಸರಳಿರುತ್ತದೆ, ಅದನ್ನು ಸ್ವಲ್ಪವೇ ಬಿಗಿಮಾಡಿ ಮರುದಿನದವರೆಗೆ ಮುಟ್ಟಬಾರದು. ಮರಕ್ಕೆ ಹೊಂದಿಕೊಳ್ಳಲು ಹೊತ್ತು ಬೇಕು. ತಾಳಿದವನು ಬಾಳಿಯಾನು ಎಂಬುದನ್ನು ನನಗೆ ಕಲಿಸಿದ್ದು ಆ ಸರಳು. ಮರುದಿನ ತಂತಿಯ ಕೆಳಗೆ ಲಗ್ನಪತ್ರಿಕೆಯೊಂದನ್ನು ತೂರಿಸಿ ನೋಡಿದೆ, ಅದು ತಡೆಯದೆ ಜಾರಿತು, ಕತ್ತು ಸರಿಯಾಗಿತ್ತು.

ಉಳಿದದ್ದು ಸ್ವರ ಸರಿಪಡಿಸುವ ಕೆಲಸ. ತಂತಿಯನ್ನು ಎಲ್ಲೂ ಒತ್ತದೆ ಮೀಟಬೇಕು, ನಟ್ಟನಡುವೆ ಒತ್ತಿ ಮೀಟಬೇಕು. ಎರಡೂ ಒಂದೇ ಸ್ವರವಾಗಿ ಕೂಡದಿದ್ದರೆ ತಂತಿ ಕೂರುವ ಕುದುರೆಯನ್ನು ಕೂದಲೆಳೆಯಷ್ಟು ಸರಿಸಬೇಕು. ಮತ್ತೆ ಮೀಟಬೇಕು. ದಪ್ಪ ತಂತಿ, ಅದರ ಪಕ್ಕದ್ದು, ಮತ್ತೆ ದಪ್ಪದ್ದು. ಹೀಗೇ ನಡೆದಿತ್ತು. ಒಳಗೆ ವೈನಿ ರೊಟ್ಟಿ ಬಡಿಯುತ್ತಿದ್ದರು. ಆ ಬಡಿತದ ಅಡಿಯಲ್ಲಿ ಏನೋ ಕೇಳಿಸಿತು. ಮೊದಲು ಗಿಟಾರಿಗೆ ಜೋಡಿಸಿದ್ದ ಸ್ಪೀಕರಿನ ಗುಂಯ್ ಎಂದುಕೊಂಡೆ. ಆಮೇಲೆ ಗೊತ್ತಾಯಿತು, ವೈನಿ ಗುನುಗುತ್ತಿದ್ದಾರೆ.

ದಪ್ಪ ತಂತಿಯ ಪಕ್ಕದ್ದು ಅವರಿಗೆ ಷಡ್ಜವಾಗಿತ್ತು, ದಪ್ಪ ತಂತಿ ಅದರ ಕೆಳಗಿನ ಪಂಚಮ. ತಂಬೂರಿ ಮೀಟುವ ಹಾಗೆ ಪ, ಸ, ಪ, ಸ ಎಂದು ನಾನು ಅರಿಯದೆಯೇ ಅವರಿಗೆ ಶ್ರುತಿ ಹಾಕಿಕೊಟ್ಟಿದ್ದೆ. ಆ ದನಿಗೆ ಅಲ್ಲಿ ಏರುವ ಕಷ್ಟವೇ ಇರಲಿಲ್ಲ. ಸರಿಹೋಗಿದ್ದ ತಂತಿಯನ್ನೇ ಮತ್ತೆ ಮತ್ತೆ ಸರಿಮಾಡುತ್ತ ಕುಳಿತೆ. ಹೊಲದಿಂದ ಬಂದ ಅಣ್ಣ ಏನೋ ಹೇಳಲು ಬಾಯಿ ತೆರೆದ. ನಾನು ಕಣ್ಣಲ್ಲೇ ಗದರಿಸಿದೆ. ಅವನು ಕಾಲೂ ತೊಳೆಯದೆ ಮೆಟ್ಟಿಲ ಮೇಲೆ ಕುಳಿತುಬಿಟ್ಟ.

ಕೊನೆಗೆ ವೈನಿ ಕೈಯ ಹಿಟ್ಟು ಉದುರಿಸುತ್ತ ಹೊರಗೆ ಬಂದರು.

"ಇನ್ನೂ ಮುಗೀಲಿಲ್ಲೇನ ತಮ್ಮಾ ನಿನ್ನ ತಂತಿ ಕೆಲಸ?"

"ಇನ್ನೊಂದ ಸ್ವಲ್ಪ ಐತ್ರಿ ವೈನಿ."

ಅವರು ಗಿಟಾರನ್ನು ನೋಡುತ್ತ ನಿಂತರು. "ಬಿಳಿ ಮೂರಲ್ಲಾ ಅದು?" ಎಂದರು. ಹೌದೆಂದೆ, ಅದು ಕಪ್ಪು ನಾಲ್ಕಕ್ಕಿಂತ ಕೆಳಗಿನ ಬಿಳಿ ಮನೆ. ರೊಟ್ಟಿ ಬಡಿಯಲು ಒಳಗೆ ಹೋದರು. ಊಟದ ಹೊತ್ತಿಗೆ, ಮುಂದಿನ ವಾರ ಮಂಡಳಿಗೆ ಮೂಡಲಗಿಯಲ್ಲಿ ಭಜನೆಯಿದೆ, ಗಿಟಾರು ತೆಗೆದುಕೊಂಡು ಬಾ ಎಂದು ಪಲ್ಯ ಬಡಿಸುತ್ತ ಹೇಳಿದರು.

ಮೂಡಲಗಿಯ ಮಠದಲ್ಲಿ ಜನ ತುಂಬಿದ್ದರು. ಪೇಟಿಯ ಅಕ್ಕ ರೂಢಿಯಂತೆ ಬೆರಳನ್ನು ಕಪ್ಪು ನಾಲ್ಕರ ಮೇಲಿಟ್ಟು ವೈನಿಯ ಕಡೆ ನೋಡಿದರು. ವೈನಿ ತಾಳವನ್ನು ಪಕ್ಕದವರ ಕೈಗೆ ಕೊಟ್ಟರು. ಮುಂದಕ್ಕೆ ಬಾಗಿ, ಆ ಬೆರಳನ್ನು ತಾವೇ ಹಿಡಿದು ಬಿಳಿ ಮೂರರ ಮೇಲೆ ಇಟ್ಟರು.

"ಇನ್ನ ಮುಂದ ನನ್ನ ಸುತಿ ಇದs ರಿ."

ಪೇಟಿಯ ಅಕ್ಕನ ಕಣ್ಣು ತುಂಬಿತು. "ಮೊದಲs ಹೇಳಬಾರದಾಗಿತ್ತೇನ್ರಿ?"

"ನೀವರ ಕೇಳಬಾರದಾಗಿತ್ತೇನ?" ಎಂದು ವೈನಿ ಮೊದಲ ಸಾಲನ್ನು ಎತ್ತಿಕೊಂಡರು.

ಅದು ಹಳೆಯ ದನಿಯಲ್ಲ. ಮೊದಲಿನದು ಮೇಲೇರಿ ಜನರನ್ನು ಕರೆಯುತ್ತಿತ್ತು. ಇದು ಬಂದು ಬಾಜೂಕ್ಕೆ ಕುಳಿತುಕೊಂಡಿತು. ಸಭೆ ಅಲುಗಾಡದೆ ಕೇಳಿತು. ಎಂದಿನಂತೆ ನನ್ನ ಕಡೆ ಯಾರೂ ನೋಡಲಿಲ್ಲ. ಕೇಳುತ್ತ ಕೇಳುತ್ತ ಮೈಮರೆತು ನಾನು ದಪ್ಪ ತಂತಿ ಮೀಟುವುದನ್ನೇ ಬಿಟ್ಟುಬಿಟ್ಟಿದ್ದೆ. ವೈನಿ ಹಾಡು ನಿಲ್ಲಿಸದೆ ನನ್ನ ಕಡೆ ತಿರುಗಿ, ಪಂಚಮ ಎಲ್ಲಿ ಎಂಬಂತೆ ಕಣ್ಣು ಬಿಟ್ಟರು.