ಓಕ್ ಕಪಾಟಿನ ಸೈನ್ಯ

ವಿಲ್ಫ್ ಹಾಲಮ್‌ನ ಸೈನ್ಯವನ್ನು ಕೊಂದವರು ನಾವು, ನಾಟಿಂಗ್‌ಹ್ಯಾಮಿನ ಗುರುವಾರದ ಕ್ಲಬ್ಬಿನ ಸಭ್ಯಸ್ಥರು. ಇದನ್ನು ಮೆತ್ತಗೆ ಹೇಳಲು ನನಗೆ ಬರುವುದಿಲ್ಲ.

ವಿಲ್ಫ್ ಮೂವತ್ತೊಂದು ವರ್ಷ ಸೀಸದ ಸಿಪಾಯಿಗಳನ್ನು ಅಚ್ಚು ಹೊಯ್ಯುವ ಕಾರ್ಖಾನೆಯಲ್ಲಿ ದುಡಿದವನು. ಕಿರುಬೆರಳಿನ ಅರ್ಧದಷ್ಟಿರುವ ಸಿಪಾಯಿಗಳು. ಹಳೆಯ ಯುದ್ಧಗಳನ್ನು ಮೇಜಿನ ಮೇಲೆ ದಾಳ ಹಾಕಿ ಮತ್ತೆ ಆಡುವ ನಮ್ಮಂಥವರಿಗಾಗಿ. ಬಂದೂಕು ಮುರಿದದ್ದು, ಮೂಗಿಲ್ಲದ್ದು ಮತ್ತೆ ಕರಗಿಸುವ ಪಾತ್ರೆಗೆ ಹೋಗಬೇಕಿತ್ತು. ವಿಲ್ಫ್ ಮೇಸ್ತ್ರಿಯನ್ನು ಕೇಳಿ ಅವನ್ನು ಮನೆಗೆ ತರುತ್ತಿದ್ದ. ಸೂಜಿ ಕತ್ತರಿಸಿ ಬಂದೂಕು ಮಾಡಿ ಅಂಟಿಸುತ್ತಿದ್ದ. ವಾಟರ್ಲೂ ಯುದ್ಧದ ಎರಡೂ ಕಡೆಯ ಸೈನ್ಯ ಹಾಗೆ ಬೆಳೆಯಿತು. ಒಂದು ತುಕಡಿಯ ಕಾಲರಿನ ಹಳದಿ ತಪ್ಪಾಗಿದೆಯೆಂದು ನಲವತ್ತೆಂಟು ಕಾಲರುಗಳನ್ನು ಕೆರೆದು ಮತ್ತೆ ಬಳಿದವನು ಅವನು. ವಾಟರ್ಲೂನಲ್ಲಿ ಸೋತ ಫ್ರೆಂಚರು ನನ್ನ ಅಡುಗೆಮನೆ ಗೆದ್ದರು ಎಂದು ಹೆಂಡತಿ ಈನಿಡ್ ಗೊಣಗುತ್ತಲೇ ಕುದುರೆಗಳ ಬಾಲಕ್ಕೆ ಬಣ್ಣ ಹಚ್ಚುತ್ತಿದ್ದಳು.

ಅವಳು ತೀರಿಕೊಂಡ ವರ್ಷವೇ ಅವರ ಮದುವೆಯಾದ ಪ್ರಾರ್ಥನಾಮಂದಿರವೂ ಮುಚ್ಚಿತು. ವಿಲ್ಫ್ ಅಲ್ಲಿನ ಓಕ್ ಬೆಂಚುಗಳನ್ನು ತಂದು ಸೈನ್ಯಕ್ಕೊಂದು ಕಪಾಟು ಮಾಡಿದ. ಗಾಜಿನ ಬಾಗಿಲು, ಧೂಳು ನುಸುಳದಂತೆ ಅಂಚಿಗೆಲ್ಲ ಉಣ್ಣೆಬಟ್ಟೆ. ನಮ್ಮನ್ನು ಚಹಾಕ್ಕೆ ಕರೆದು ತೋರಿಸಿದ.

ಓಕ್ ಮರ ವರ್ಷಗಟ್ಟಲೆ ಹುಳಿ ಆವಿ ಬಿಡುತ್ತದೆ. ಗಾಳಿಯಾಡದ ಕಪಾಟಿನಲ್ಲಿ ಅದು ಸೀಸವನ್ನು ತಿಂದು ಬಿಳಿ ಪುಡಿ ಮಾಡುತ್ತದೆ. ನಮ್ಮ ಹವ್ಯಾಸದ ಪತ್ರಿಕೆಯಲ್ಲಿ ಬಂದಿತ್ತು. ವಿಲ್ಫ್ ಅದರಲ್ಲಿ ಸಮವಸ್ತ್ರದ ಪುಟ ಬಿಟ್ಟು ಬೇರೇನೂ ಓದುತ್ತಿರಲಿಲ್ಲ. ನಾನು ಓದಿದ್ದೆ. ಕ್ಲಬ್ಬಿನ ಸಿರಿಲ್ ಪೆಗ್ ಓದಿದ್ದ. ಆದರೆ ಒಬ್ಬರ ಮನೆಯಲ್ಲಿ ಕೂತು ಅವರದೇ ಕೈಕೆಲಸಕ್ಕೆ ಹೆಸರಿಡುವುದು ನಮ್ಮಲ್ಲಿ ನೆಲಕ್ಕೆ ಉಗಿದಷ್ಟೇ ಅಸಹ್ಯ. "ಭರ್ಜರಿ ಕೆಲಸ ಕಣಯ್ಯ," ಎಂದ ಸಿರಿಲ್. ನಾನು ಇನ್ನೊಂದು ತುಂಡು ಕೇಕ್ ತೆಗೆದುಕೊಂಡೆ.

ಒಂಬತ್ತು ವರ್ಷ ಕಳೆಯಿತು. ಶ್ವಾಸಕೋಶ ಕೈಕೊಟ್ಟು, ಮಹಡಿ ಹತ್ತಿ ಕಪಾಟು ನೋಡುವುದೂ ನಿಂತು ವರ್ಷಗಳಾದಾಗ ವಿಲ್ಫ್‌ಗೆ ಉಳಿದದ್ದು ಒಂದೇ ಆಸೆ: ತಾನು ಹೋದ ಮೇಲೆ ಸೈನ್ಯ ಚದುರಬಾರದು, ವಸ್ತುಸಂಗ್ರಹಾಲಯ ಅದನ್ನು ಇಡಿಯಾಗಿ ತೆಗೆದುಕೊಳ್ಳಬೇಕು. ಪತ್ರ ಬರೆದ. ಅಲ್ಲಿಂದ ಒಬ್ಬ ಹೆಂಗಸು ನೋಡಲು ಬಂದಳು. ಅವನು ಮೆಟ್ಟಿಲಿಗೊಮ್ಮೆ ನಿಂತು, ನನ್ನ ತೋಳು ಹಿಡಿದು ಮೇಲೆ ಬಂದ.

ಕಪಾಟಿನ ಬಾಗಿಲು ತೆರೆದೊಡನೆ ವಿನೆಗರಿನ ವಾಸನೆ. ಕೈಗವಸು ತೊಟ್ಟು ಅವಳು ಒಬ್ಬ ಸವಾರನನ್ನು ಎತ್ತಿದಳು; ಕುದುರೆಯ ಕಾಲುಗಳು ಹಲಗೆಯಲ್ಲೇ ಉಳಿದವು. ಸಾಲಿಗೆ ಸಾಲೇ ಹಿಟ್ಟು ಮೆತ್ತಿದಂತೆ ಬೆಳ್ಳಗಾಗಿತ್ತು. ಇದು ಓಕ್ ಮರದ ಆವಿ ಮಾಡಿದ ಕೆಲಸ, ಹವ್ಯಾಸದವರಿಗೆಲ್ಲ ಗೊತ್ತಿರುವುದೇ, ಇದನ್ನು ತೆಗೆದುಕೊಳ್ಳಲಾಗುವುದಿಲ್ಲ, ಪುಡಿ ವಿಷ, ದಯವಿಟ್ಟು ನೀವೂ ಮುಟ್ಟಬೇಡಿ ಎಂದು ಹೇಳಿ ಹೊರಟಳು.

ವಿಲ್ಫ್ ಮಂಚದ ಮೇಲೆ ಕೂತ.

"ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಸಿರಿಲ್‌ಗೆ?"

"ಅವನಿಗೂ."

"ಮತ್ಯಾಕೋ ಬಾಯಿ ಬಿಡ್ಲಿಲ್ಲ?"

"ನಿಂಗೆ ಬೇಜಾರಾಗುತ್ತೆ ಅಂತ." ಇದಕ್ಕಿಂತ ಹೇಸಿಗೆಯ ಮಾತು ನಾನು ಆಡಿಲ್ಲ.

"ಈಗ ಆಗ್ತಿಲ್ಲ ನೋಡು," ಎಂದ.

ಮುಂದಿನ ವಾರ ನಗರಸಭೆಯ ಗಾಡಿ ಬಂತು. ಮುಖಗವಸು ಹಾಕಿದ ಇಬ್ಬರು ಎಲ್ಲವನ್ನೂ ಚೀಲಗಳಿಗೆ ತುಂಬಿದರು. ಸಹಿಯ ಕಾಗದದಲ್ಲಿ ವಸ್ತುವಿನ ಹೆಸರು ಎಂದಿದ್ದ ಕಡೆ ವಿಲ್ಫ್ ಒಂದೊಂದೇ ತುಕಡಿಯ ಹೆಸರು ಬರೆಯತೊಡಗಿದ. ಎರಡು ಬರೆದಿದ್ದ. ಚಾಲಕ ಬಗ್ಗಿ ನೋಡಿದ.

"ಅಷ್ಟೆಲ್ಲ ಬೇಡ ಯಜಮಾನ್ರೇ. ಸೀಸ ಅಂತ ಬರೀರಿ, ಸಾಕು."

ವಿಲ್ಫ್ ಎರಡನ್ನೂ ಹೊಡೆದುಹಾಕಿ, ಸೀಸ ಎಂದು ಬರೆದುಕೊಟ್ಟ.